ದಂಡೆಯಲ್ಲಿ ಮೂಕವಾದ ರೇಡಿಯೋ: ಹೊತ್ತೊಯ್ಯುವ ಶಾರ್ಟ್‌ವೇವ್ ಹ್ಯಾಮ್ ಕೇಂದ್ರದ ದೋಷ ಪತ್ತೆ

ಮನೆಯ ಮೇಜಿನ ಮೇಲೆ ವರ್ಷಗಟ್ಟಲೆ ತಕರಾರಿಲ್ಲದೆ ದುಡಿಯುವ ಹ್ಯಾಮ್ ರೇಡಿಯೋ (ಪರವಾನಗಿ ಪಡೆದ ಹವ್ಯಾಸಿಗಳ ರೇಡಿಯೋ) ಕಾಪು, ಪಡುಕೆರೆ ಅಥವಾ ಸುರತ್ಕಲ್‌ನ ದಂಡೆಗೆ ಬಂದ ಕೂಡಲೇ ಕೈಕೊಡುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಮನೆಯಲ್ಲಿ ಒಮ್ಮೆ ಜೋಡಿಸಿದ್ದು ಹಾಗೆಯೇ ಇರುತ್ತದೆ. ಹೊರಗೆ ಬ್ಯಾಟರಿ, ಕೇಬಲ್, ಕನೆಕ್ಟರ್, ತಂತಿ, ಗಳ ಎಲ್ಲವನ್ನೂ ಪ್ರತಿ ಸಲ ಹೊಸದಾಗಿ ಜೋಡಿಸಬೇಕು. ಅದರ ಮೇಲೆ ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ತೇವ. 40 ಮೀಟರ್ (7.000ರಿಂದ 7.200 ಮೆಗಾಹರ್ಟ್ಸ್) ಮತ್ತು 20 ಮೀಟರ್ (14.000ರಿಂದ 14.350 ಮೆಗಾಹರ್ಟ್ಸ್) ಬ್ಯಾಂಡ್‌ಗಳಲ್ಲಿ 5ರಿಂದ 100 ವಾಟ್‌ವರೆಗಿನ ರೇಡಿಯೋ ಹೊತ್ತು ಮಂಗಳೂರು, ಉಡುಪಿ ಸುತ್ತ ತಿರುಗುವ ಪರವಾನಗಿದಾರರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಎಸ್‌ಡಬ್ಲ್ಯುಆರ್ (ಕಳುಹಿಸಿದ ಅಲೆ ಆಂಟೆನಾದಿಂದ ಎಷ್ಟು ಹಿಂದಿರುಗುತ್ತಿದೆ ಎಂದು ತೋರುವ ಅಂಕಿ; 1 ಇದ್ದರೆ ಏನೂ ಹಿಂದಿರುಗುತ್ತಿಲ್ಲ) ಕಡಿಮೆ ಇದೆ ಎಂದ ಮಾತ್ರಕ್ಕೆ ಆಂಟೆನಾ ಸರಿಯಿದೆ ಎಂದು ತೀರ್ಮಾನಿಸಬೇಡಿ. ಕಡಲತೀರದಲ್ಲಿ ನಾನು ಕಂಡ ಅತ್ಯಂತ ಹಟಮಾರಿ ದೋಷಗಳೆಲ್ಲ ಒಳ್ಳೆಯ ಎಸ್‌ಡಬ್ಲ್ಯುಆರ್ ಅಂಕಿಯ ಹಿಂದೆಯೇ ಅಡಗಿದ್ದವು. ಆದ್ದರಿಂದ ಇಡೀ ಸರಣಿಯನ್ನು ತುಂಡು ತುಂಡಾಗಿ ಬಿಡಿಸಿ, ಪ್ರತಿ ತುಂಡನ್ನೂ ನಮಗೆ ಗೊತ್ತಿರುವ ಒಂದು ಅಳತೆಯ ಎದುರು ನಿಲ್ಲಿಸಿ ಪರೀಕ್ಷಿಸುವುದೇ ಸರಿಯಾದ ದಾರಿ. ಆಂಟೆನಾ ತಂತಿಗೆ ಕತ್ತರಿ ಹಾಕುವುದು ಕೊನೆಯ ಕೆಲಸ. ಹೆಚ್ಚಿನವರು ಅದರಿಂದಲೇ ಶುರು ಮಾಡುತ್ತಾರೆ.

ದೋಷ ಬರುವ ದಿಕ್ಕೋ, ಹೋಗುವ ದಿಕ್ಕೋ?

ನಮಗೆ ಯಾರೂ ಕೇಳಿಸದಿರುವುದು ಒಂದು ದೋಷ. ಎಲ್ಲರೂ ಕೇಳಿಸುತ್ತಿದ್ದು ನಮ್ಮ ಕರೆಗೆ ಮಾತ್ರ ಉತ್ತರ ಬಾರದಿರುವುದು ಬೇರೆಯೇ ದೋಷ. ಎರಡನ್ನೂ ಬೆರೆಸಿಕೊಂಡರೆ ಅರ್ಧ ದಿನ ಹಾಳು.

ರೇಡಿಯೋವನ್ನು 7.1 ಮೆಗಾಹರ್ಟ್ಸ್‌ಗೆ ಇಟ್ಟು ಆಂಟೆನಾ ಕನೆಕ್ಟರನ್ನು ಕಳಚಿ, ಮತ್ತೆ ಸಿಕ್ಕಿಸಿ. ಆಂಟೆನಾ ಆರೋಗ್ಯವಾಗಿದ್ದರೆ ಸಿಕ್ಕಿಸಿದ ಕ್ಷಣ ಹಿನ್ನೆಲೆಯ ಗೊರಗೊರ ಸದ್ದು ಸ್ಪಷ್ಟವಾಗಿ ಏರುತ್ತದೆ. ಏರದಿದ್ದರೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಚಾಲೂ ಇದೆಯೇ, ಸಿಗ್ನಲ್ ಹಿಗ್ಗಿಸುವ ಆರ್‌ಎಫ್ ಗೇನ್ ಗುಂಡಿ ಕೆಳಗೆ ತಿರುಗಿದೆಯೇ ಎಂದು ನೋಡಿ. ಚೀಲದಲ್ಲಿ ಬರುವಾಗ ಗುಂಡಿಗಳು ತಾವೇ ತಿರುಗಿಕೊಳ್ಳುತ್ತವೆ. ಅವೆರಡೂ ಸರಿಯಿದ್ದರೆ ರೇಡಿಯೋಕ್ಕೂ ತಂತಿಗೂ ನಡುವೆ ಎಲ್ಲೋ ಸಂಪರ್ಕ ಕಡಿದಿದೆ. ಸದ್ದು ಏರಿದರೂ ಯಾವ ಕೇಂದ್ರವೂ ಸಿಗದಿದ್ದರೆ ಸ್ಥಳೀಯ ಗದ್ದಲವನ್ನೋ ಅಯಾನುಗೋಳವನ್ನೋ (ಶಾರ್ಟ್‌ವೇವ್ ಅಲೆಗಳನ್ನು ನೆಲಕ್ಕೆ ಮರಳಿಸುವ ಮೇಲಿನ ವಾಯುಪದರ) ಶಂಕಿಸಬೇಕು.

ಗ್ರಾಹಕ (ರೇಡಿಯೋದ ರಿಸೀವರ್ ಭಾಗ) ಬದುಕಿದೆಯೇ ಎಂದು ತಿಳಿಯಲು ಬೇರೊಬ್ಬ ಹ್ಯಾಮ್‌ಗಾಗಿ ಕಾಯಬೇಕಿಲ್ಲ. ಚೀನಾದ ಬಿಪಿಎಂ ಸಮಯ ಕೇಂದ್ರ 5, 10 ಮತ್ತು 15 ಮೆಗಾಹರ್ಟ್ಸ್‌ಗಳಲ್ಲಿ ಸೆಕೆಂಡಿಗೊಂದು ಟಿಕ್ ಸದ್ದು ಕಳುಹಿಸುತ್ತದೆ. 14.100 ಮೆಗಾಹರ್ಟ್ಸ್‌ನಲ್ಲಿ ಅಂತರರಾಷ್ಟ್ರೀಯ ಬೀಕನ್ ಜಾಲವಿದೆ: 18 ಕೇಂದ್ರಗಳಿಗೆ ತಲಾ 10 ಸೆಕೆಂಡ್, ಮೂರು ನಿಮಿಷಕ್ಕೊಂದು ಸುತ್ತು. ಪ್ರತಿ ಕೇಂದ್ರವೂ ತನ್ನ ಕರೆಸಂಕೇತ ಹೇಳಿ ನಾಲ್ಕು ಉದ್ದ ಡ್ಯಾಶ್‌ಗಳನ್ನು ಕ್ರಮವಾಗಿ 100, 10, 1 ಮತ್ತು 0.1 ವಾಟ್‌ನಲ್ಲಿ ಕಳುಹಿಸುತ್ತದೆ. ನಮಗೆ ಹತ್ತಿರದ್ದು ಶ್ರೀಲಂಕಾದ 4ಎಸ್7ಬಿ. ಆ ದಿನ ಯಾವ ಯಾವ ಬೀಕನ್ ಪ್ರಸಾರದಲ್ಲಿದೆ ಎಂದು ಮನೆಯಿಂದ ಹೊರಡುವ ಮುನ್ನ ಪಟ್ಟಿಯಲ್ಲಿ ನೋಡಿಕೊಳ್ಳಿ. ಒಂದು ವಾಟ್‌ನ ಡ್ಯಾಶ್ ಕೇಳಿಸುತ್ತಿದೆ ಎಂದಾದರೆ ಗ್ರಾಹಕದ ಮೇಲೆ ಇನ್ನು ಅನುಮಾನ ಬೇಡ.

ಡಮ್ಮಿ ಲೋಡ್ ಮರೆಯಬೇಡಿ

ಪ್ರಸಾರದ ದೋಷ ಎಂದಾದರೆ ಮೊದಲು ಆಂಟೆನಾ ಕಳಚಿ, ರೇಡಿಯೋ ಬಾಯಿಗೆ ನೇರವಾಗಿ 50 ಓಮ್ ಡಮ್ಮಿ ಲೋಡ್ (ಆಂಟೆನಾದ ಬದಲು ಶಕ್ತಿಯನ್ನು ಶಾಖವಾಗಿ ಹೀರುವ ರೆಸಿಸ್ಟರ್) ಹಾಕಿ. ಎಸ್‌ಡಬ್ಲ್ಯುಆರ್ 1.1ರ ಒಳಗೆ ಇದ್ದು ಪೂರ್ಣ ಶಕ್ತಿ ಹೊರಬಂದರೆ ರೇಡಿಯೋ ನಿರಪರಾಧಿ. ಇಷ್ಟು ಚಿಕ್ಕ ಪರೀಕ್ಷೆ ಅರ್ಧ ಸರಣಿಯನ್ನು ಒಂದೇ ಏಟಿಗೆ ಆರೋಪದಿಂದ ಮುಕ್ತಗೊಳಿಸುತ್ತದೆ. ಕೊಳ್ಳಲೇಬೇಕೆಂದಿಲ್ಲ: 1 ಕಿಲೋ ಓಮ್‌ನ, ಒಂದು ವಾಟ್‌ನ ಇಪ್ಪತ್ತು ರೆಸಿಸ್ಟರ್‌ಗಳನ್ನು ಸಮಾಂತರವಾಗಿ ಬೆಸೆದರೆ 50 ಓಮ್, 20 ವಾಟ್‌ನ ಲೋಡ್ ಸಿದ್ಧ. ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನೇ ಕೇಳಿ ತನ್ನಿ. ತಂತಿ ಸುತ್ತಿದ ಬಗೆಯವು ಶಾರ್ಟ್‌ವೇವ್‌ನಲ್ಲಿ ಸುರುಳಿಯಾಗಿ ವರ್ತಿಸಿ ಅಳತೆಯನ್ನೇ ಕೆಡಿಸುತ್ತವೆ.

ಬ್ಯಾಟರಿ: ಮಾತನಾಡುವಾಗ ಅಳೆಯಿರಿ

ಮಾತಿನ ಏರುದನಿಗೆ ರೇಡಿಯೋ ಆರಿ ಹತ್ತುವುದು, ದೀಪ ಮಂಕಾಗುವುದು, ಧ್ವನಿ ಒಡೆಯುವುದು ವೋಲ್ಟೇಜ್ ಕುಸಿತದ ಲಕ್ಷಣಗಳು. ನಾಲ್ಕು ಕೋಶಗಳ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮ್ಮನಿರುವಾಗ 13.2 ವೋಲ್ಟ್ ತೋರಿಸಿದರೆ ಅದು ಏನನ್ನೂ ಸಾಬೀತುಪಡಿಸುವುದಿಲ್ಲ. ರೇಡಿಯೋದ ಶಕ್ತಿ ತಾಳುವ ಡಮ್ಮಿ ಲೋಡ್ ಹಾಕಿ, ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುತ್ತಾ, ಮಲ್ಟಿಮೀಟರಿನ ಮೊನೆಗಳನ್ನು ರೇಡಿಯೋದ ವಿದ್ಯುತ್ ಕನೆಕ್ಟರಿನ ಹಿಂಭಾಗಕ್ಕೆ ತಾಗಿಸಿ ಅಳೆಯಬೇಕು. 13.8 ವೋಲ್ಟ್, ಹೆಚ್ಚು ಕಡಿಮೆ 15 ಶೇಕಡಾ ಎಂದು ಬರೆದಿರುವ ರೇಡಿಯೋಕ್ಕೆ 11.7 ವೋಲ್ಟ್ ಕೆಳಗಿನ ಗಡಿ.

ಕುಸಿತ ಎಲ್ಲಿ ಆಗುತ್ತದೆ? ಹೆಚ್ಚಾಗಿ ವಯರಿನಲ್ಲಿ. 100 ವಾಟ್‌ನ ರೇಡಿಯೋ 20 ಆಂಪಿಯರ್‌ಗೂ ಮೇಲೆ ಹೀರುತ್ತದೆ. ಮೂರು ಮೀಟರ್ ದೂರಕ್ಕೆ 1 ಚದರ ಮಿಲಿಮೀಟರ್‌ನ ವಯರ್ ಎಳೆದರೆ ಹೋಗಿಬರುವ ಆರು ಮೀಟರ್ ತಾಮ್ರವೇ ಎರಡು ವೋಲ್ಟ್‌ಗಿಂತ ಹೆಚ್ಚು ನುಂಗುತ್ತದೆ. 2.5 ಚದರ ಮಿಲಿಮೀಟರ್ ಆದರೆ ನಷ್ಟ ಒಂದು ವೋಲ್ಟ್‌ನೊಳಗೆ. ಉಳಿದ ಕುಸಿತ ಫ್ಯೂಸ್ ಹಿಡಿಕೆಯಲ್ಲಿರುತ್ತದೆ: ಪ್ರಸಾರ ನಿಲ್ಲಿಸಿದ ಕೂಡಲೇ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಒಳಗಿನ ಲೋಹದ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ವೋಲ್ಟೇಜ್ ನಿಧಾನವಾಗಿ ಇಳಿಯದೆ ಥಟ್ಟನೆ ಸೊನ್ನೆಯಾದರೆ ಬ್ಯಾಟರಿಯ ಒಳಗಿನ ರಕ್ಷಣಾ ಮಂಡಳವೇ (ಸರ್ಕ್ಯೂಟ್) ಸಂಪರ್ಕ ಕಡಿದಿದೆ. 100 ವಾಟ್‌ಗೆ 30 ಆಂಪಿಯರ್ ತಾಳುವ ರಕ್ಷಣಾ ಮಂಡಳ ಬೇಕು. ಅಗ್ಗದ ಪ್ಯಾಕುಗಳಲ್ಲಿ ಅದು ಇರುವುದಿಲ್ಲ. ಆ ದಿನದ ಮಟ್ಟಿಗೆ ಶಕ್ತಿಯನ್ನು 30 ವಾಟ್‌ಗೆ ಇಳಿಸಿ ಕೆಲಸ ಮುಂದುವರಿಸಬಹುದು.

ಕೇಬಲ್: ಉಪ್ಪು ಮಾಡುವ ಮೋಸ

ಈ ಭಾಗವನ್ನು ತುಸು ಬಿಡಿಸಿ ಹೇಳಬೇಕು. ಕಾಪು ದೀಪಸ್ತಂಭದ ಬಳಿಯ ಬಂಡೆಗಳ ಮೇಲೆ ಗೆಳೆಯರೊಬ್ಬರು ಕೇಂದ್ರ ಹೂಡಿದ್ದರು. 7.1ರಲ್ಲಿ ಎಸ್‌ಡಬ್ಲ್ಯುಆರ್ 1.3. ಬ್ಯಾಂಡಿನ ಯಾವ ಮೂಲೆಗೆ ಹೋದರೂ 1.5 ದಾಟುತ್ತಿರಲಿಲ್ಲ. ನೋಡುವುದಕ್ಕೆ ಸುಖವಾದ ಅಂಕಿಗಳು, ಆದರೆ ಬೆಂಗಳೂರಿನವರಿಗೆ ಅವರ ದನಿ ಪಿಸುಮಾತಿನಷ್ಟೇ ತಲುಪುತ್ತಿತ್ತು. ಕೇಬಲ್ ಬದಲಿಸಿದಾಗ ಎಸ್‌ಡಬ್ಲ್ಯುಆರ್ 2.5ಕ್ಕೆ ಏರಿತು, ಸಿಗ್ನಲ್ ಕೂಡ ಜೋರಾಯಿತು! ಹಳೆಯ ಕೇಬಲ್ ಸೀಳಿ ನೋಡಿದರೆ ತಾಮ್ರದ ಜಾಲರಿ ತುದಿಯಿಂದ ಒಂದು ಮೊಳದಷ್ಟು ಉದ್ದಕ್ಕೆ ಕಪ್ಪುಹಸಿರಾಗಿತ್ತು.

ಆಗುವುದು ಇಷ್ಟು. ಕನೆಕ್ಟರಿನ ಸಂದಿಯಿಂದ ನುಗ್ಗಿದ ಉಪ್ಪುನೀರನ್ನು ಹೆಣೆದ ಜಾಲರಿ ಒಳಕ್ಕೆ ಎಳೆದುಕೊಳ್ಳುತ್ತದೆ. ಕೇಬಲ್ ಶಕ್ತಿಯನ್ನು ಶಾಖವಾಗಿ ಕರಗಿಸತೊಡಗುತ್ತದೆ. ಆಂಟೆನಾದಿಂದ ಹಿಂದಿರುಗುವ ಅಲೆ ಕೂಡ ಅದೇ ದಾರಿಯಲ್ಲಿ ಕರಗುವುದರಿಂದ ಮೀಟರಿಗೆ ಅದು ಕಾಣಿಸುವುದಿಲ್ಲ. ಕೇಬಲ್‌ನಲ್ಲಿ 3 ಡೆಸಿಬಲ್ ನಷ್ಟವಿದ್ದರೆ, ಅಂದರೆ ಅರ್ಧ ಶಕ್ತಿ ಸೋರಿಹೋಗುತ್ತಿದ್ದರೆ, ಆಂಟೆನಾ ತುದಿಯಲ್ಲಿ 3 ಇರುವ ಎಸ್‌ಡಬ್ಲ್ಯುಆರ್ ರೇಡಿಯೋ ತುದಿಯಲ್ಲಿ 1.7 ಎಂದು ತೋರುತ್ತದೆ. ಇಡೀ ಬ್ಯಾಂಡಿನಲ್ಲಿ ಅಲುಗಾಡದ, ತಗ್ಗಿಲ್ಲದ ಎಸ್‌ಡಬ್ಲ್ಯುಆರ್ ರೇಖೆ ಕಂಡರೆ ಸಂತೋಷಪಡದೆ ಶಂಕಿಸಿ.

ಪರೀಕ್ಷೆ ಸುಲಭ. ಕೇಬಲ್‌ನ ದೂರದ ತುದಿಯನ್ನು ಏನೂ ಜೋಡಿಸದೆ ತೆರೆದು ಬಿಟ್ಟು, ಈಚೆ ತುದಿಗೆ ಆಂಟೆನಾ ಅನಲೈಸರ್ ಅಥವಾ ನ್ಯಾನೋವಿಎನ್‌ಎ (ಎರಡೂ ಎಸ್‌ಡಬ್ಲ್ಯುಆರ್ ಅಳೆಯುವ ಚಿಕ್ಕ ಉಪಕರಣಗಳು) ಹಾಕಿ. ರೇಡಿಯೋದಿಂದಲೇ ಪ್ರಸಾರ ಮಾಡಿ ಅಳೆಯಬೇಡಿ, ಪವರ್ ಟ್ರಾನ್ಸಿಸ್ಟರ್‌ಗಳಿಗೆ ಅಪಾಯ. ಒಳ್ಳೆಯ ಆರ್‌ಜಿ-58 ಕೇಬಲ್ 10 ಮೀಟರ್ ಉದ್ದವಿದ್ದರೆ 7 ಮೆಗಾಹರ್ಟ್ಸ್‌ನಲ್ಲಿ ಅರ್ಧ ಡೆಸಿಬಲ್‌ಗೂ ಕಡಿಮೆ ನಷ್ಟ. ತೆರೆದ ತುದಿಯ ಎಸ್‌ಡಬ್ಲ್ಯುಆರ್ 20ರ ಆಸುಪಾಸು ಇರುತ್ತದೆ. ಅದು 3 ಎಂದು ಕಂಡರೆ ಅರ್ಧ ಶಕ್ತಿ ಕೇಬಲ್‌ನಲ್ಲೇ ಹೋಗುತ್ತಿದೆ. ಅನಲೈಸರ್ ಇಲ್ಲದವರು ವಾಟ್ ಮೀಟರನ್ನು ಒಮ್ಮೆ ರೇಡಿಯೋ ಬಳಿ, ಒಮ್ಮೆ ಕೇಬಲ್‌ನ ಆಚೆ ತುದಿಯಲ್ಲಿ ಡಮ್ಮಿ ಲೋಡ್‌ಗೆ ಮುಂಚೆ ಇಟ್ಟು ಹೋಲಿಸಬಹುದು. 10 ವಾಟ್ ಕಳುಹಿಸಿದರೆ 9 ವಾಟ್ ತಲುಪಬೇಕು.

ತೆಳ್ಳಗಿನ ಆರ್‌ಜಿ-174 ಚೀಲಕ್ಕೆ ಹಗುರ, ನಿಜ. ಆದರೆ ಅದರ ನಷ್ಟ ಆರ್‌ಜಿ-58ರ ಎರಡು ಪಟ್ಟಿಗೂ ಹೆಚ್ಚು. ಐದಾರು ಮೀಟರ್‌ಗಿಂತ ಉದ್ದಕ್ಕೆ ಅದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಕನೆಕ್ಟರ್ ದೋಷಗಳು ಬಂದು ಹೋಗುವ ಸ್ವಭಾವದವು. ಮಲ್ಟಿಮೀಟರಿನ ಬೀಪ್ ಪರೀಕ್ಷೆಯಲ್ಲಿ ಪಿಎಲ್-259 ಕನೆಕ್ಟರಿನ ಒಳತಂತಿ ಮತ್ತು ಹೊರಕವಚವನ್ನು ಬೇರೆ ಬೇರೆಯಾಗಿ ನೋಡುವಾಗ ಕೇಬಲನ್ನು ಕನೆಕ್ಟರಿನ ಬುಡದಲ್ಲಿ ಅತ್ತಿತ್ತ ಬಾಗಿಸಿ. ಬೀಪ್ ತಡವರಿಸಿದರೆ ಜಾಲರಿಯ ಬೆಸುಗೆ ಬಿಟ್ಟಿದೆ. ಬಾಗಿಸದೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ.

ತುದಿಯಿಂದ ಊಡುವ ತಂತಿ ಮತ್ತು ಅದರ ಟ್ರಾನ್ಸ್‌ಫಾರ್ಮರ್

ಒಂದೇ ಕಂಬ ಸಾಕಾಗುವುದರಿಂದ ದಂಡೆಯಲ್ಲಿ ಬಹುತೇಕರು ಬಳಸುವುದು ಅರ್ಧ ಅಲೆಯುದ್ದದ, ತುದಿಯಿಂದ ಊಡುವ (ಒಂದು ತುದಿಯಲ್ಲಿ ಶಕ್ತಿ ಕೊಡುವ) ತಂತಿ. 40 ಮೀಟರಿಗೆ ಸುಮಾರು 20 ಮೀಟರ್ ತಂತಿ ಮತ್ತು 49ಕ್ಕೆ 1ರ ಟ್ರಾನ್ಸ್‌ಫಾರ್ಮರ್: ಫೆರೈಟ್ ಉಂಗುರದ ಮೇಲೆ 2 ಸುತ್ತು ಪ್ರಾಥಮಿಕ, 14 ಸುತ್ತು ದ್ವಿತೀಯಕ. ಇದನ್ನು ತಂತಿಯಿಂದ ಬೇರ್ಪಡಿಸಿ ಪರೀಕ್ಷಿಸಿ. ದ್ವಿತೀಯಕದ ಮೇಲೆ 2.2 ಕಿಲೋ ಓಮ್ ಮತ್ತು 240 ಓಮ್ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಹಾಕಿದರೆ ರೇಡಿಯೋ ಕಡೆಗೆ 50 ಓಮ್ ಕಾಣಿಸಬೇಕು. ಅನಲೈಸರಿನಲ್ಲಿ ಎಸ್‌ಡಬ್ಲ್ಯುಆರ್ 1.5ರೊಳಗಿದ್ದರೆ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ. 40 ಮೀಟರಿನಲ್ಲಿ ಸರಿಯಿದ್ದು 15 ಮತ್ತು 10 ಮೀಟರ್‌ಗಳಲ್ಲಿ ಮಾತ್ರ ಕೆಟ್ಟರೆ ಪ್ರಾಥಮಿಕದ ಮೇಲಿರುವ 100 ಪಿಕೋಫ್ಯಾರಡ್ ಕೆಪಾಸಿಟರ್ ಬಿಟ್ಟುಹೋಗಿದೆ.

ಪ್ರಸಾರ ಶುರು ಮಾಡಿದಾಗ 1.4 ಇದ್ದ ಎಸ್‌ಡಬ್ಲ್ಯುಆರ್ ಒಂದೆರಡು ನಿಮಿಷದಲ್ಲಿ 2 ದಾಟಿ, ವಿಶ್ರಾಂತಿ ಕೊಟ್ಟರೆ ಮತ್ತೆ 1.4ಕ್ಕೆ ಬರುತ್ತಿದೆಯೇ? ಉಂಗುರ ಬಿಸಿಯಾಗುತ್ತಿದೆ. ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಂತೆ 15 ಸೆಕೆಂಡಿನ ಸರದಿಗಳಲ್ಲಿ ಎಡೆಬಿಡದೆ ಪ್ರಸಾರ ಮಾಡುವವರಿಗೆ ಈ ತೊಂದರೆ ಮೊದಲು ಕಾಣುತ್ತದೆ. ದೊಡ್ಡ ಉಂಗುರ ಹಾಕಿ ಅಥವಾ ಶಕ್ತಿ ಇಳಿಸಿ. ಈ ತಂತಿಯ ಊಡುವ ತುದಿಯಲ್ಲಿ 100 ವಾಟ್‌ಗೆ ಸುಮಾರು 500 ವೋಲ್ಟ್ ಇರುತ್ತದೆ, ಆಚೆ ತುದಿಯಲ್ಲೂ ಹೆಚ್ಚು ಕಡಿಮೆ ಅಷ್ಟೇ. ಮಕ್ಕಳು ಓಡಾಡುವ ದಂಡೆಯಲ್ಲಿ ಎರಡೂ ತುದಿಗಳು ಕೈಗೆ ಎಟುಕದಂತಿರಲಿ.

ದೋಟಿ, ತೆಂಗಿನ ಗರಿ, ತಂತಿಯ ಉದ್ದ

ಅಡಿಕೆ ಕೊಯ್ಲಿನ ಕಾರ್ಬನ್ ಫೈಬರ್ ದೋಟಿ ಈಗ ನಮ್ಮ ಕಡೆ ಅನೇಕ ಮನೆಗಳಲ್ಲಿದೆ. ಹಗುರ, ಉದ್ದ, ಗಟ್ಟಿ. ಆಂಟೆನಾ ಕಂಬಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ತಂತಿಯನ್ನು ಅದಕ್ಕೆ ಸುತ್ತಿದರೆ ಅಥವಾ ಉದ್ದಕ್ಕೂ ಟೇಪ್ ಹಚ್ಚಿದರೆ ಅನುರಣನ ಆವರ್ತನ ಎಲ್ಲಿಗೋ ಜಾರುತ್ತದೆ, ದೋಟಿ ಉದ್ದ ಮಾಡಿದಂತೆ ಎಸ್‌ಡಬ್ಲ್ಯುಆರ್ ಬದಲಾಗುತ್ತದೆ. ಅಂಥ ಲಕ್ಷಣ ಕಂಡರೆ ತಂತಿಯನ್ನು ದೋಟಿಯಿಂದ ಬಿಡಿಸಿ, ತುದಿಗೆ ಒಂದೆರಡು ಮೀಟರ್ ನೈಲಾನ್ ಹುರಿ ಕಟ್ಟಿ, ಅದರ ಕೊನೆಯಿಂದ ತಂತಿ ಓರೆಯಾಗಿ ದೂರ ಇಳಿಯುವಂತೆ ಮಾಡಿ. ಒಣಬಿದಿರು ಅಥವಾ ಫೈಬರ್ ಗ್ಲಾಸ್ ಗಳಕ್ಕೆ ಈ ಜಂಜಾಟವಿಲ್ಲ. ಮಲಪೆಯ ಬಲೆ ಅಂಗಡಿಗಳಲ್ಲಿ ಸಿಗುವ ನೈಲಾನ್ ಹುರಿ ಬಿಸಿಲು, ಉಪ್ಪು ಎರಡನ್ನೂ ತಾಳುತ್ತದೆ. ತೆಂಗಿನ ನಾರಿನ ಹಗ್ಗ ಉಪ್ಪುನೀರು ಕುಡಿದರೆ ನಿರೋಧಕವಾಗಿ ಉಳಿಯುವುದಿಲ್ಲ.

ಗಾಳಿ ಬೀಸಿದಾಗ ಎಸ್‌ಡಬ್ಲ್ಯುಆರ್ ಕುಣಿಯುತ್ತಿದ್ದರೆ ತಂತಿಯ ತುದಿ ಒದ್ದೆ ತೆಂಗಿನ ಗರಿಗೋ ಗಾಳಿಮರದ ಕೊಂಬೆಗೋ ತಾಗುತ್ತಿದೆ. ತುದಿಯಲ್ಲಿ ವೋಲ್ಟೇಜ್ ಹೆಚ್ಚಿರುವುದರಿಂದ ಅಲ್ಲಿ ತಾಗಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆ.

ಇಷ್ಟೆಲ್ಲ ಮುಗಿದ ಮೇಲಷ್ಟೇ ಉದ್ದದ ಪ್ರಶ್ನೆ. ಎಸ್‌ಡಬ್ಲ್ಯುಆರ್‌ನ ತಗ್ಗು ಬೇಕಾದ್ದಕ್ಕಿಂತ ಕೆಳಗಿನ ಆವರ್ತನದಲ್ಲಿದ್ದರೆ ತಂತಿ ಉದ್ದವಾಯಿತು, ಮೇಲಿದ್ದರೆ ಗಿಡ್ಡವಾಯಿತು. 40 ಮೀಟರಿನಲ್ಲಿ ಒಟ್ಟು ಉದ್ದ 10 ಸೆಂಟಿಮೀಟರ್ ಬದಲಾದರೆ ತಗ್ಗು ಸುಮಾರು 35 ಕಿಲೋಹರ್ಟ್ಸ್ ಸರಿಯುತ್ತದೆ. ಕತ್ತರಿಸದೆ ತುದಿಯನ್ನು ಮಡಚಿ ತಂತಿಗೇ ಸುತ್ತಿ. ದಂಡೆಯಲ್ಲಿ ಸರಿಹೊಂದಿಸಿದ ಉದ್ದ ಮರುವಾರ ಮಣಿಪಾಲದಲ್ಲಿ ಹೊಂದದೆ ಹೋಗಬಹುದು.

ಮುರಕಲ್ಲಿನ ಪದವಿನಲ್ಲಿ ನೆಟ್ಟಗಿನ ಆಂಟೆನಾ

20 ಮೀಟರಿಗೆ 5 ಮೀಟರ್ ಎತ್ತರದ ಕಾಲು ಅಲೆಯುದ್ದದ ಆಂಟೆನಾ ಕಡಲಿನ ಅಂಚಿನಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ. ಸಮುದ್ರದ ನೀರಿನಷ್ಟು ಒಳ್ಳೆಯ ನೆಲ ಬೇರೆಲ್ಲೂ ಸಿಗದು. ಅದೇ ಆಂಟೆನಾವನ್ನು ಮಣಿಪಾಲ, ಕೊಣಾಜೆಯ ಮುರಕಲ್ಲಿನ ಪದವಿಗೆ (ಜಂಬಿಟ್ಟಿಗೆಯ ಎತ್ತರದ ಬಯಲಿಗೆ) ಒಯ್ದರೆ ಸಿಗ್ನಲ್ ಸೊರಗುತ್ತದೆ. ವಿಚಿತ್ರವೆಂದರೆ ಎಸ್‌ಡಬ್ಲ್ಯುಆರ್ ಅಲ್ಲಿ ಇನ್ನೂ ಚೆನ್ನಾಗಿ ಕಾಣಬಹುದು. ಪರಿಪೂರ್ಣ ನೆಲದ ಮೇಲೆ ಈ ಆಂಟೆನಾದ ಪ್ರತಿರೋಧ 36 ಓಮ್, ಎಸ್‌ಡಬ್ಲ್ಯುಆರ್ 1.4. ಒಣ ಮುರಕಲ್ಲಿನ ಮೇಲೆ ಎರಡು ಮೂರು ರೇಡಿಯಲ್ ತಂತಿ (ಆಂಟೆನಾ ಬುಡದಿಂದ ನೆಲದ ಮೇಲೆ ಹರಡುವ ತಂತಿ) ಹಾಸಿದಾಗ 1.0 ಕಂಡರೆ, ಸೇರಿಕೊಂಡ 14 ಓಮ್ ನೆಲದ ನಷ್ಟ. ಶಕ್ತಿಯ ಕಾಲುಭಾಗಕ್ಕೂ ಹೆಚ್ಚು ಕಲ್ಲನ್ನು ಬಿಸಿ ಮಾಡುತ್ತಿದೆ. ರೇಡಿಯಲ್‌ಗಳನ್ನು ಹೆಚ್ಚಿಸುತ್ತಾ ಹೋಗಿ. ಎಸ್‌ಡಬ್ಲ್ಯುಆರ್ ಮೆಲ್ಲನೆ 1.3ರ ಕಡೆಗೆ ಏರಿದರೆ ಸರಿದಾರಿಯಲ್ಲಿದ್ದೀರಿ. ಎಂಟು, ಹತ್ತು ತಂತಿ ಹಾಸಲು ತಾಳ್ಮೆ ಇಲ್ಲದವರು ಪದವಿನಲ್ಲಿ ಡೈಪೋಲ್ (ನಡುವಿನಿಂದ ಊಡುವ ಎರಡು ತೋಳಿನ ತಂತಿ) ಕಟ್ಟುವುದೇ ಲೇಸು.

ಮುಟ್ಟಿದರೆ ಬದಲಾಗುವ ಕೇಂದ್ರ

ಕೇಬಲ್ ಹಿಡಿದರೆ ಎಸ್‌ಡಬ್ಲ್ಯುಆರ್ ಬದಲಾಗುವುದು, ಮೈಕ್ ಲೋಹ ತುಟಿಗೆ ಚುರುಕ್ ಎನ್ನುವುದು, ಮೋರ್ಸ್ ಕೀಯರ್ ತಾನಾಗಿ ಚುಕ್ಕಿ ಹೊಡೆಯುವುದು, ಲ್ಯಾಪ್‌ಟಾಪ್‌ನ ಸಂಪರ್ಕ ತಪ್ಪುವುದು: ಇವೆಲ್ಲ ಒಂದೇ ದೋಷದ ರೂಪಗಳು. ಕೇಬಲ್‌ನ ಹೊರಮೈಯೂ ಆಂಟೆನಾದ ಭಾಗವಾಗಿಬಿಟ್ಟಿದೆ. ಟ್ರಾನ್ಸ್‌ಫಾರ್ಮರಿನ ನೆಲದ ಮೊಳೆಗೆ ಎರಡು ಮೀಟರ್ ತಂತಿಯನ್ನು ಜೋಡಿಸಿ ಕೆಳಗೆ ಬಿಡಿ. ಅದರ ನಂತರ ಕೇಬಲನ್ನು 31ನೇ ಮಿಶ್ರಣದ (ಮಿಕ್ಸ್ 31 ಎಂಬ ಬಗೆಯ) ಫೆರೈಟ್ ಉಂಗುರದ ಮೇಲೆ ಹತ್ತು ಹನ್ನೆರಡು ಸುತ್ತು ಹಾಕಿ, ಹೊರಮೈಯ ವಿದ್ಯುತ್ತನ್ನು ತಡೆಯುವ ಚೋಕ್ ಮಾಡಿ. ಕೈಯಿಟ್ಟಾಗ ಮುಳ್ಳು ಅಲುಗಾಡದಿದ್ದರೆ ಸರಿಯಾಯಿತು.

ಗದ್ದಲ

ಮೊದಲ ಶಂಕೆ ನಮ್ಮದೇ ಸಾಮಾನಿನ ಮೇಲೆ. ಸೌರಫಲಕದ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್, ಪವರ್ ಬ್ಯಾಂಕ್ ಒಂದೊಂದಾಗಿ ಕಳಚಿ ಕೇಳಿ. ಅವು ಕಳಚಿದರೂ ಗದ್ದಲ ಉಳಿದರೆ, ಎಎಂ ಇರುವ ಚಿಕ್ಕ ಕಿಸೆ ರೇಡಿಯೋ ಹಿಡಿದು ಸುತ್ತ ನಡೆಯಿರಿ. ಬೀದಿಯ ಎಲ್‌ಇಡಿ ದೀಪಗಳ ಗದ್ದಲ ಮುಸ್ಸಂಜೆ ಅವು ಹತ್ತಿದ ಕ್ಷಣಕ್ಕೇ ಶುರುವಾಗುತ್ತದೆ.

ಸೆಕೆಂಡಿಗೆ ನೂರು ಬಡಿತದ ಒರಟು ಬುರ್‌ ಸದ್ದು ವಿದ್ಯುತ್ ಮಾರ್ಗದ ಕಿಡಿಯದು. ಕರಾವಳಿಯ ಕಂಬಗಳ ಪಿಂಗಾಣಿ ನಿರೋಧಕಗಳ ಮೇಲೆ ಬೇಸಿಗೆಯುದ್ದಕ್ಕೂ ಉಪ್ಪು ಕೂರುತ್ತದೆ. ಸಂಜೆಯ ತೇವಕ್ಕೆ ಅದು ಕಿಡಿ ಹಾರಿಸತೊಡಗುತ್ತದೆ. ಜೋರು ಮಳೆ ಬಂದ ಮರುದಿನ ಸದ್ದು ಮಾಯವಾದರೆ ಕಾರಣ ಅದೇ. ಕಂಬದ ಸಂಖ್ಯೆ ಬರೆದುಕೊಂಡು ಮೆಸ್ಕಾಂಗೆ ತಿಳಿಸಿ, ನೀವು ಅಲ್ಲಿಂದ ದೂರ ಸರಿಯಿರಿ. ಅಂಥ ಮಾರ್ಗದ ಹತ್ತಿರ ಗಳ ಎತ್ತುವುದು ಹೇಗೂ ಸಲ್ಲದು.

ಏಪ್ರಿಲ್, ಮೇ ತಿಂಗಳ ಸಂಜೆ ಪಟಪಟ ಸಿಡಿಯುವ ಸದ್ದು ಹೆಚ್ಚುತ್ತಾ ಬಂದರೆ ಘಟ್ಟದ ಮೇಲೆ ಗುಡುಗು ಎದ್ದಿದೆ. ಆಗ ದೋಷ ಹುಡುಕುತ್ತಾ ಕೂರಬೇಡಿ. ಕೇಬಲ್ ಕಳಚಿ, ಗಳ ಇಳಿಸಿ ಹೊರಡಿ.

ಆಕಾಶದ್ದೇ ತಪ್ಪಾದಾಗ

ಸೂರ್ಯಾಸ್ತದ ನಂತರ ದೂರದ ಸಿಗ್ನಲ್‌ಗಳು ಚೆನ್ನಾಗಿ ಕೇಳುತ್ತಿದ್ದಂತೆಯೇ ಬಡಬಡನೆ ನಡುಗತೊಡಗುತ್ತವೆ. ಮೈಕ್ ಕೆಟ್ಟಿತೆಂದು, ಕನೆಕ್ಟರ್ ಸಡಿಲವಾಯಿತೆಂದು ಬಿಚ್ಚಲು ಹೋಗಬೇಡಿ. ಭೂಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ, ನಾವಿರುವುದು ಅದರ ಪಕ್ಕದಲ್ಲೇ. ಇಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ ಎಫ್ ಪದರ ಮೇಲೇರಿ ಛಿದ್ರವಾಗುವುದುಂಟು, ಸಿಗ್ನಲ್ ನಡುಗುವುದು ಅದರಿಂದ. ಬ್ಯಾಂಡಿನ ಎಲ್ಲ ಕೇಂದ್ರಗಳೂ ಒಟ್ಟಿಗೆ ನಡುಗುತ್ತಿದ್ದರೆ ರೇಡಿಯೋ ಸರಿಯಿದೆ.

ನಡುಹಗಲಿನಲ್ಲಿ ಇಡೀ ಶಾರ್ಟ್‌ವೇವ್ ಒಮ್ಮೆಲೇ ನಿಶ್ಶಬ್ದವಾದರೆ ಸೌರಜ್ವಾಲೆಯ ಕಾರಣವಿರಬಹುದು. ಜ್ವಾಲೆಯ ಎಕ್ಸ್ ಕಿರಣಗಳು ಅಯಾನುಗೋಳದ ಕೆಳಗಿನ ಡಿ ಪದರವನ್ನು ದಟ್ಟಗೊಳಿಸಿ ಹಗಲಿನ ಭಾಗದಲ್ಲಿ ಸಿಗ್ನಲ್‌ಗಳನ್ನು ಹೀರಿಬಿಡುತ್ತವೆ. ಕೆಳಗಿನ ಬ್ಯಾಂಡ್‌ಗಳು ಮೊದಲು ಸಾಯುತ್ತವೆ, ಕೊನೆಗೆ ಮರಳುತ್ತವೆ. ಡಮ್ಮಿ ಲೋಡ್ ಪರೀಕ್ಷೆ ಒಮ್ಮೆ ಮಾಡಿ, ಬಿಪಿಎಂ ಕೂಡ ಸಿಗದಿದ್ದರೆ ಅರ್ಧ ಗಂಟೆ ಕಾಯಿರಿ.

ಮನೆಗೆ ಮರಳಿದ ದಿನವೇ

ತಂತಿ, ಹುರಿ, ಗಳಗಳನ್ನು ಸಿಹಿನೀರಿನಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಕನೆಕ್ಟರ್‌ಗಳಿಗೆ ನೀರು ಬೇಡ. ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಅವುಗಳ ತಿರುಪಿನ ಎಳೆಗಳ ಮೇಲೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಹೊರಗೆ ಜೋಡಿಸುವಾಗ ಕೀಲುಗಳಿಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಒಂದೇ ದಿನದ ಕೆಲಸವೆಂದು ಬಿಟ್ಟರೆ ಆ ಒಂದು ದಿನದಲ್ಲೇ ಉಪ್ಪು ಒಳಗೆ ಹೋಗುತ್ತದೆ. ಪ್ರತಿ ಕೇಬಲ್‌ಗೂ ಒಂದು ಚೀಟಿ ಕಟ್ಟಿ, ತೆರೆದ ತುದಿಯ ಎಸ್‌ಡಬ್ಲ್ಯುಆರ್ ಎಷ್ಟೆಂದು ದಿನಾಂಕದೊಡನೆ ಬರೆದಿಡಿ. 20 ಇದ್ದದ್ದು ಮಳೆಗಾಲ ಕಳೆದ ಮೇಲೆ 8 ಎಂದು ಬಂದರೆ ಆ ಕೇಬಲ್‌ನ ಎರಡೂ ತುದಿಗಳನ್ನು ಒಂದು ಮೊಳ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಮೇಲೇರದಿದ್ದರೆ ಆ ಕೇಬಲನ್ನು ಮತ್ತೆ ಚೀಲಕ್ಕೆ ಹಾಕಬೇಡಿ.